ಮರಳಿಲ್ಲದ ಮೈದಾನಗಳು

ಮಾರ್ಚ್ 3, ಸೋಮವಾರ

ಇಂದು ಮೂವತ್ತೆಂಟು ಎಕ್ಸ್‌ರೇ. ಎದೆಯದೇ ಹದಿನಾಲ್ಕು. ‘ಉಸಿರು ಹಿಡ್ಕೊಳ್ಳಿ... ಬಿಡಿ’ ಎಂದು ಹೇಳಿ ಹೇಳಿ ಗಂಟಲು ಕಟ್ಟಿದೆ. ಸೀಸದ ಏಪ್ರನ್ ಬಿಚ್ಚುತ್ತಿರುವಾಗ ತಂಗಿಯ ಫೋನ್. ಬೇಕರಿಯವಳು, ಆ ಹೊತ್ತಿಗೆ ಓವನ್ ಮುಂದಿರಬೇಕಾದವಳು. ಗಾಬರಿಯಾಯಿತು.

“ಅಕ್ಕಾ, ಮರಳೇ ಇಲ್ಲದ ಗಾಲ್ಫ್ ಕೋರ್ಸ್ ಇದೆ! ಒಂದಲ್ಲ, ಮೂರು. ಹುಡುಕಿದ್ರೂ ಒಂದು ಬಂಕರ್ ಸಿಗಲ್ಲ. ನೀನು ಬರ್ತಿದೀಯ.”

“ಬರಲ್ಲ,” ಎಂದೆ. ಫೋನ್ ಇಟ್ಟೆ.

ಆರು ವರ್ಷದ ಕೆಳಗೆ ನಾವಿಬ್ಬರೂ ಜೋಡಿಯಾಗಿ ಫೈನಲ್ ಆಡಿದ್ದು. ಜೋಡಿಗೆ ಒಂದೇ ಚೆಂಡು, ಸರದಿಯಂತೆ ಹೊಡೆಯುವ ಆಟ. ಕೊನೆಯ ಹೋಲ್, ಗೆಲುವು ಕೈಯಲ್ಲಿ. ಚೆಂಡು ಹೋಗಿ ಬಂಕರ್‌ಗೆ ಬಿತ್ತು — ಆಳೆತ್ತರದ ಮರಳುಗುಂಡಿ. ಹನ್ನೆರಡು ಹೊಡೆತ! ಮರಳು ಹಾರಿತು, ಚೆಂಡು ಹಾರಲಿಲ್ಲ. ಬೆನ್ನ ಹಿಂದೆ ತಂಗಿಯ ನಗು. ಸುತ್ತ ಜನ. ಕೋಲನ್ನು ಅಲ್ಲೇ ಎಸೆದು ಕಾರು ಹತ್ತಿದೆ.

ಅಂದಿನಿಂದ ನಮ್ಮ ಮಾತೆಂದರೆ ಹವಾಮಾನ, ಮಕ್ಕಳ ಪರೀಕ್ಷೆ, ಅಷ್ಟೇ. ಗಾಲ್ಫ್ ಕೋಲುಗಳ ಚೀಲ ಅಟ್ಟ ಸೇರಿದೆ. ಅಲ್ಲೇ ಇರಲಿ.

ಮಾರ್ಚ್ 5

ಊಟದ ನಡುವೆ ಮನೆಯವರು, ತಟ್ಟೆಯಿಂದ ತಲೆ ಎತ್ತದೆ: “ಅಟ್ಟದ ಏಣಿ ಒರೆಸಿಟ್ಟಿದೀನಿ. ಸುಮ್ನೆ ಹೇಳ್ದೆ.”

ಇವರಿಗೂ ಫೋನ್ ಹೋಗಿದೆ, ಕಳ್ಳರು! ಅವರು ಕೈ ತೊಳೆಯಲು ಎದ್ದಾಗ ಏಣಿ ಹತ್ತಿದೆ. ಚೀಲದ ತುಂಬ ಜೇಡರ ಬಲೆ. ಕೈಗವಸು ಒಣಗಿ ಹಪ್ಪಳ. ತಂಗಿಗೆ ಮೆಸೇಜ್: ‘ಒಂದೇ ಸಲ. ನೋಡಿಕೊಂಡು ಬರುವುದಷ್ಟೇ.’ ಕಣ್ಣು ಮಿಟುಕಿಸುವುದರೊಳಗೆ ಉತ್ತರ: ‘ಭಾನುವಾರ ಆರೂವರೆ. ತಯಾರಾಗಿರು.’

ಮಾರ್ಚ್ 9, ಭಾನುವಾರ

ಕಾಲು ನನ್ನದಲ್ಲ ಅನ್ನಿಸುತ್ತಿದೆ. ಎಂಥ ಜಾಗ! ಮೈದಾನವಲ್ಲ, ಗುಡ್ಡ. ಇಲ್ಲಿ ಮರಳು ಸುರಿದರೆ ಗಾಳಿಗೆ ಮರುದಿನ ಪಕ್ಕದ ಊರಿನಲ್ಲಿರುತ್ತದಂತೆ; ಅದಕ್ಕೇ ಬಂಕರ್ ತೋಡಲೇ ಇಲ್ಲ. ಹುಲ್ಲು ಕತ್ತರಿಸಲು ಯಂತ್ರವೂ ಇಲ್ಲ, ಕುರಿಗಳೇ.

ನಾಲ್ಕನೇ ಹೋಲ್. ಚೆಂಡನ್ನು ಮೇಲಕ್ಕೆ ಹೊಡೆದೆ. ಹೋಯಿತು, ನಿಂತಿತು, ಯೋಚಿಸಿತು... ಉರುಳುತ್ತ ಬಂದು ನನ್ನ ಕಾಲ ಬಳಿಯೇ ನಿಂತಿತು. ಮತ್ತೆ ಹೊಡೆದೆ. ಮತ್ತೆ ಬಂತು, ಸಾಕಿದ ನಾಯಿಯ ಹಾಗೆ. ಮೂರನೆಯ ಸಲ ತಂಗಿ ತುಟಿ ಕಚ್ಚಿಕೊಂಡು ಆ ಕಡೆ ತಿರುಗಿದಳು. ಭುಜ ಕುಲುಕುತ್ತಿತ್ತು.

“ನಗು ಬಂದ್ರೆ ನಕ್ಕುಬಿಡೇ. ತಡ್ಕೊಂಡು ಹೊಟ್ಟೆ ಒಡ್ಕೋಬೇಡ.”

ನಕ್ಕಳು. ನಾನೂ. ಕುರಿಗಳು ಮೇಯುವುದು ಬಿಟ್ಟು ನೋಡಿದವು.

ಕಳೆದುಹೋದ ಚೆಂಡು ಒಂಬತ್ತು. ಸ್ಕೋರ್ ಇಲ್ಲಿ ಬರೆಯುವುದಿಲ್ಲ, ಡೈರಿಗೂ ಮರ್ಯಾದೆ ಇದೆ.

ಮಾರ್ಚ್ 23, ಭಾನುವಾರ

ಎರಡನೆಯದು. ಕಾಡಿನ ನಡುವೆ. ಜಾಗ ಊರವರೆಲ್ಲರದು, ನೆಲ ಅಗೆಯಬಾರದೆಂದು ಹಳೆಯ ಕರಾರು. ಬಂಕರ್ ಇಲ್ಲ, ಬದಲಿಗೆ ತೊರೆ, ಮರದ ಬೇರು, ಸೊಂಟದೆತ್ತರದ ಪೊದೆ. ಮರಳು ತಪ್ಪಿತೆಂದು ಹಿಗ್ಗಿದ್ದೆ, ಬಾಣಲೆಯಿಂದ ಬೆಂಕಿಗೆ.

ಚೆಂಡು ಹುಡುಕುತ್ತ ಇಬ್ಬರೂ ಪೊದೆಯಲ್ಲಿ ಬಗ್ಗಿದ್ದೆವು. ಮುಖ ಕಾಣುತ್ತಿರಲಿಲ್ಲವೆಂದೋ ಏನೋ, ಕೇಳಿಯೇಬಿಟ್ಟೆ.

“ಅವತ್ತು ಯಾಕೆ ನಕ್ಕೆ? ಹನ್ನೆರಡು ಸಲ ಹೊಡೆದು ನಾನು ಅಳೋ ಹಾಗಾಗಿದ್ದೆ.”

ಪೊದೆಯಿಂದ ಅವಳ ತಲೆ ಮೇಲೆದ್ದಿತು.

“ನೀನು ಹನ್ನೆರಡು ಹೊಡೆದ್ಯಾ? ಅಕ್ಕಾ, ಸರದಿ ಆಟ ಅದು! ಆರು ನಿಂದು, ಆರು ನಂದು. ನನ್ನ ಕೊನೇ ಹೊಡೆತಕ್ಕೆ ಮರಳೆಲ್ಲ ನನ್ನ ಬಾಯಿಗೇ ಬಂತು. ಅದಕ್ಕೆ ನಗು ಬಂತು. ನೀನೂ ನಗ್ತಿರ್ತೀಯ ಅಂತ ತಿರುಗಿ ನೋಡಿದ್ರೆ... ಹೊರಟೇಹೋಗಿದ್ದೆ.”

ಅಲ್ಲೇ ಕೂತೆ. ಆರು ವರ್ಷ, ನನ್ನ ನೆನಪಿನ ಆ ಗುಂಡಿಯಲ್ಲಿ ನಾನೊಬ್ಬಳೇ ಇದ್ದೆ. ಇವಳೂ ಇದ್ದಳು, ನನ್ನ ಪಕ್ಕದಲ್ಲೇ, ಮೈಯೆಲ್ಲ ಮರಳು ಮಾಡಿಕೊಂಡು. ಮೂಳೆಯ ಕೂದಲೆಳೆ ಬಿರುಕನ್ನೂ ಬಿಡದೆ ಗುರುತಿಸುವವಳು ನಾನು!

“ಆಗ್ಲೇ ಹೇಳ್ಬಾರ್ದಿತ್ತಾ?”

“ಹವಾಮಾನ ಬಿಟ್ಟು ಬೇರೆ ಮಾತಿಗೆ ಜಾಗ ಎಲ್ಲಿ ಕೊಟ್ಟೆ?”

ಬೆನ್ನಿಗೊಂದು ಗುದ್ದಿದೆ. ಆಮೇಲೆ ತಬ್ಬಿಕೊಂಡೆ. ಇಬ್ಬರ ತೋಳಿಗೂ ಮುಳ್ಳು. ಚೆಂಡು ಸಿಗಲಿಲ್ಲ.

ಮಾರ್ಚ್ 24

ನಲವತ್ತೊಂದು ಎಕ್ಸ್‌ರೇ. ಆಯಾಸವೇ ಇಲ್ಲ. ಡಾಕ್ಟರು ಇಣುಕಿ, “ಏನಮ್ಮಾ, ಹಾಡ್ಕೊಂಡು ಕೆಲಸ ನಡೀತಿದೆ!” ಎಂದರು. ಹಾಡುತ್ತಿದ್ದೆನೇ?

ಏಪ್ರಿಲ್ 13, ಭಾನುವಾರ, ಬೆಳಿಗ್ಗೆ 11.20

ಮೈದಾನದಲ್ಲೇ ಕೂತು ಬರೆಯುತ್ತಿದ್ದೇನೆ, ಸ್ಕೋರ್ ಕಾರ್ಡಿನ ಹಿಂದೆ. ಮನೆಗೆ ಹೋಗಿ ಡೈರಿಗೆ ಅಂಟಿಸಬೇಕು.

ಮೂರನೆಯದು, ಹೊಳೆದಂಡೆಯ ಹುಲ್ಲುಗಾವಲು. ವರ್ಷಾ ವರ್ಷಾ ನೆರೆ ಬಂದು ಬಂಕರಿನ ಮರಳು ಹೊತ್ತೊಯ್ದು, ಕೊನೆಗೆ ಮೈದಾನದವರೇ ಸಾಕಪ್ಪಾ ಎಂದು ಅಲ್ಲಿ ಹುಲ್ಲು ಬೆಳೆಯಲು ಬಿಟ್ಟರಂತೆ. ಇಂದು ಇಲ್ಲಿ ಜೋಡಿ ಪಂದ್ಯ. ತಂಗಿ ನನ್ನನ್ನು ಕೇಳದೆ ಹೆಸರು ಕೊಟ್ಟಿದ್ದಳು. ಬೈದೆ. ಬಂದೆ.

ಕೊನೆಯ ಹೋಲ್. ಎದುರು ಜೋಡಿ ಇಬ್ಬರು ಟೈಲರ್‌ಗಳು, ಅಣ್ಣತಮ್ಮ. ಇಲ್ಲಿಯವರೆಗೆ ಸಮಸಮ. ಅವರು ಆಡಿ ಮುಗಿಸಿದ್ದಾರೆ. ನಮ್ಮ ಚೆಂಡು ಕುಳಿಯಿಂದ ಎಂಟು ಅಡಿ. ಒಂದೇ ಏಟಿಗೆ ಬಿದ್ದರೆ ಗೆಲುವು, ಎರಡಾದರೆ ಮತ್ತೆ ಸಮ. ಸರದಿ ನನ್ನದು.

ಆದರೆ ನಡುವೆ ಹಸು ಮಲಗಿದೆ.

ಓಡಿಸುವ ಹಾಗಿಲ್ಲ. ಹುಲ್ಲು ಅದರದು, ನಾವು ನೆಂಟರು — ಇಲ್ಲಿಯ ನಿಯಮ. ಇಪ್ಪತ್ತು ನಿಮಿಷವಾಯಿತು. ಮೆಲುಕು ಹಾಕುತ್ತಿದೆ.

“ನಮಗೇನೂ ಆತುರ ಇಲ್ಲಮ್ಮಾ,” ಎಂದರು ಟೈಲರ್ ಅಣ್ಣ. “ಅದಕ್ಕಂತೂ ಮೊದ್ಲೇ ಇಲ್ಲ.”

ತಂಗಿ ಹಸುವಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. “ಏಳಮ್ಮಾ ತಾಯಿ. ನಮ್ಮಕ್ಕನಿಗೆ ವಯಸ್ಸಾಗ್ತಾ ಇದೆ.”

ಟೈಲರ್‌ಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಏರಿದ ಬಿಸಿಲು, ಹೊಳೆಯ ಸದ್ದು. ಹೆದರಿಕೆಯೇ ಇಲ್ಲ. ವಿಚಿತ್ರ. ತಪ್ಪಿದರೆ ತಪ್ಪೀತು, ಮುಂದಿನದು ಅವಳ ಸರದಿ.

ಓ... ಬಾಲ ಬೀಸಿತು. ಹಿಂಗಾಲು ಊರಿತು.

“ಅಕ್ಕಾ, ಪೆನ್ ಬಿಡು, ಕೋಲು ಹಿಡಿ!”

ಎದ್ದಿತು, ಎದ್ದೇಬಿ—