ಪಕ್ಕದ ಮನೆಯವನ ನೆಮ್ಮದಿಗಾಗಿ

ಪುರಸಭೆಯ ಶಬ್ದ ನಿಯಂತ್ರಣ ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನಮ್ಮೂರಿನ ಸಮುದಾಯ ಭವನದಲ್ಲಿ ಬ್ಯಾಂಡಿನವರು ಇನ್ನು ಮುಂದೆ ತಾಲೀಮು ನಡೆಸಕೂಡದೆಂಬ ತಮ್ಮ ಆದೇಶವನ್ನು ಭವನದ ಬಾಗಿಲಿಗೆ ಅಂಟಿಸಿದ್ದಾರೆ. ತಾವು ಕಾರಣವನ್ನೂ ಕೊಟ್ಟಿದ್ದೀರಿ: ‘ಗೋಡೆಗೆ ಹೊಂದಿಕೊಂಡ ಮನೆಯ ನಿವಾಸಿಯ ನೆಮ್ಮದಿಯ ದೃಷ್ಟಿಯಿಂದ.’ ಆ ನಿವಾಸಿ ನಾನು. ನನ್ನ ನೆಮ್ಮದಿಯ ಬಗ್ಗೆ ಇಷ್ಟು ಕಾಳಜಿ ನನ್ನ ಹೆತ್ತ ತಾಯಿಗೂ ಇರಲಿಲ್ಲ. ಆದರೆ ಆಕೆ ಏನಾದರೂ ಮಾಡುವ ಮುಂಚೆ ನಿನಗೇನು ಬೇಕೋ ಎಂದು ನನ್ನನ್ನೊಂದು ಮಾತು ಕೇಳುತ್ತಿದ್ದಳು. ತಾವು ಕೇಳಲಿಲ್ಲ. ಹಾಗಾಗಿ, ಈ ಆದೇಶವನ್ನು ಹಿಂದಕ್ಕೆ ಪಡೆಯಬೇಕೆಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ಲಕೋಟೆಯಲ್ಲಿ ಹಾಕಿ ಕಳಿಸದೆ ವಾರಪತ್ರಿಕೆಯಲ್ಲಿ ಊರಿಗೆಲ್ಲ ಕಾಣುವಂತೆ ಯಾಕೆ ಬರೆದೆ ಎಂಬುದು ಓದುತ್ತಾ ಹೋದರೆ ತಿಳಿಯುತ್ತದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಹಳ್ಳಿಯಲ್ಲಿ ಮನೆ ಕೊಂಡು ನೋಡು ಎಂದು ಮಾತ್ರ ಯಾರೂ ಎಚ್ಚರಿಸಲಿಲ್ಲ. ನಾನೂ ನನ್ನ ಹೆಂಡತಿ ಮಾರ್ಲೂಸಳೂ ಹತ್ತೊಂಬತ್ತು ವರ್ಷ ರಾಟರ್‌ಡ್ಯಾಮಿನಲ್ಲಿ, ಟ್ರಾಮು ಕಿರುಚುತ್ತಾ ತಿರುಗುವ ಮೂಲೆಯ ಮೇಲಿನ ಮಹಡಿಯಲ್ಲಿ ಬಾಳಿದವರು. ನಮಗೆ ಬೇಕಿದ್ದದ್ದು ಮೌನ, ಅದೊಂದೇ. ಮಾರ್ಲೂಸಳ ಹೂವಿನ ಅಂಗಡಿಗೆ ಭಾನುವಾರ ಮಾತ್ರ ರಜೆ. ಹಾಗಾಗಿ ನಾವು ಸೈಕಲ್ಲುಗಳನ್ನು ರೈಲಿಗೆ ಹಾಕಿಕೊಂಡು ಈ ಊರಿಗೆ ಬಂದದ್ದೆಲ್ಲ ಭಾನುವಾರಗಳಂದೇ. ಆಹಾ, ಏನು ಮೌನ! ಜನ ಕಪ್ಪು ಕೋಟು ತೊಟ್ಟು ಚರ್ಚಿಗೆ ಹೋಗಿ, ಬಂದು, ಉಂಡು, ಮತ್ತೆ ಚರ್ಚಿಗೆ ಹೋಗುತ್ತಿದ್ದರು. ಯಾರ ಹಿತ್ತಲಲ್ಲೂ ಬಟ್ಟೆ ಒಣಗುತ್ತಿರಲಿಲ್ಲ, ಯಾವ ಕಾರೂ ಮಿಸುಕುತ್ತಿರಲಿಲ್ಲ. ಈ ಮನೆಯ ಒಳಭಾಗ ನೋಡಿದ್ದು ಒಂದೇ ಸಲ, ವಾರದ ನಡುವೆ ಅಂಗಡಿಗೆ ಬೀಗ ಹಾಕಿ ಬಂದು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಆಗ ಊರೇ ಆಲೂಗಡ್ಡೆಯ ಮುಂದೆ ಕೂತಿತ್ತು. ಇಂಥ ಮೌನ ಬೇರೆಯವರ ಪಾಲಾದೀತೆಂಬ ಭಯಕ್ಕೆ ನಾವು ಮಾರುವವರು ಕೇಳಿದ ಬೆಲೆಗಿಂತ ಹೆಚ್ಚು ಬರೆದು, ಲಕೋಟೆ ಅಂಟಿಸಿ ಕೊಟ್ಟು ಮನೆ ಕೊಂಡೆವು. ಆಮೇಲೆ ನಾನು ದಲ್ಲಾಳಿಗೆ ಫೋನು ಮಾಡಿ ಕೂಗಾಡಿದಾಗ ಆತ ತಣ್ಣಗೆ, “ಸದ್ದಿಲ್ಲ ಅಂತ ನಾನೆಲ್ಲಿ ಅಂದೆ ಸಾರ್? ನೀವೇ ಅಂದ್ರಿ, ನಾನು ತಲೆ ಆಡಿಸ್ದೆ” ಎಂದ. ಅವನ ತಪ್ಪಿಲ್ಲ. ವಾರದ ಏಳು ದಿನಗಳಲ್ಲಿ ಒಂದನ್ನು ನೋಡಿ ಮಿಕ್ಕ ಆರನ್ನೂ ಕೊಂಡ ಬುದ್ಧಿವಂತ ನಾನು.

ಶನಿವಾರ ಸಾಮಾನು ಸಾಗಿಸಿದೆವು. ಭಾನುವಾರ ಬೆಳಿಗ್ಗೆ ಎದ್ದವನೇ, ಹಳ್ಳಿಯ ಗೃಹಸ್ಥನಾದ ಉತ್ಸಾಹದಲ್ಲಿ, ಅಂಗಳದ ಹುಲ್ಲು ಕತ್ತರಿಸುವ ಯಂತ್ರ ಚಾಲೂ ಮಾಡಿದೆ. ಚರ್ಚಿಗೆ ಹೊರಟವರು ನಿಂತು ನೋಡಿದರು. ಹೊಸಬನೆಂದು ಪ್ರೀತಿಯಿಂದ ನೋಡುತ್ತಿದ್ದಾರೆ ಎಂದುಕೊಂಡು ಕೈ ಬೀಸಿದೆ. ಸೋಮವಾರ ಎದುರುಮನೆಯ ನೇಲ್ಟ್ಯೆ ಅಜ್ಜಿ ಒಂದು ತಟ್ಟೆ ಬೋಲಸ್ ಹಿಡಿದು ಬಂದರು. ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಾಡಿಸಿದ ಆ ಅಂಟು ಬನ್ನನ್ನು ತಾವೂ ಬಲ್ಲಿರಿ.

“ನಿನ್ನೆ ನಿಮ್ಮನೆ ಹುಲ್ಲಿಗೆ ಭಾರೀ ಅವಸರ ಇತ್ತೇನೋ?” ಎಂದರು ಅಜ್ಜಿ.

“ಹೌದಜ್ಜಿ, ತುಂಬ ಬೆಳೆದಿತ್ತು.”

“ಸೋಮವಾರದ ತನಕ ಕಾಯಕ್ಕಾಗದಷ್ಟಾ? ಅದಿರಲಿ ಬಿಡು. ಆ ಬನ್ನಿಗೆ ಬೆಣ್ಣೆ ಅಡಿಭಾಗಕ್ಕೆ ಹಚ್ಚಬೇಕು ಕಣಪ್ಪಾ, ನೆತ್ತಿಗಲ್ಲ. ನಿಮ್ಮೂರಲ್ಲಿ ಏನೂ ಕಲಿಸಿಲ್ವಾ?”

ಅಂದರೆ ಮಾನ್ಯರೇ, ಈ ಊರಿನ ಭಾನುವಾರದ ಮೌನವನ್ನು ಮುರಿದ ಪ್ರಥಮ ಪುರುಷ, ಅದೇ ಮೌನಕ್ಕೆ ಸಾಲ ಮಾಡಿ ಬಂದವನು.

ಸೋಮವಾರ ಊರಿನ ಗೋದಾಮುಗಳಲ್ಲಿ ಈರುಳ್ಳಿ ವಿಂಗಡಿಸುವ ಯಂತ್ರಗಳು ಶುರುವಾದವು. ಮಂಗಳವಾರ ಸಂಜೆ, ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂಬಂತೆ, ನಮ್ಮ ಊಟದ ಮನೆಯ ಗೋಡೆಯೊಳಗಿಂದಲೇ ಇಪ್ಪತ್ತಾರು ಜನರ ತುತ್ತೂರಿ, ಕಹಳೆ, ತಾಳಗಳು ಮೊಳಗಿದವು. ಬಟ್ಟಲಿನಲ್ಲಿದ್ದ ಬಟಾಣಿ ಸಾರು ಕುಣಿಯಿತು. ನಾನು ಚಮಚ ಬಿಸಾಡಿ, ಮನೆಯಲ್ಲಿ ಹಾಕಿಕೊಳ್ಳುವ ಚಪ್ಪಲಿಯಲ್ಲೇ ಹೋಗಿ ಭವನದ ಬಾಗಿಲನ್ನು ಕಾಲಿನಿಂದ ತಳ್ಳಿದೆ. ಸಂಗೀತ ನಿಂತಿತು. ಬ್ಯಾಂಡು ನಡೆಸುವ ಈರುಳ್ಳಿ ರೈತ, ಕ್ರೈನ್ ಎಂಬವನು, ತಾಳ ತೋರಿಸುವ ಕೋಲು ಕೆಳಗಿಳಿಸಿ, “ಪಕ್ಕದ ಮನೆಯೋರು ತಾನೆ? ಬನ್ನಿ ಬನ್ನಿ. ಎಲ್ರೂ ನಿಮಗೇ ಕಾಯ್ತಿದ್ವಿ. ಡೋಲು ಎಲ್ಲಿ?” ಎಂದ.

“ಯಾವ ಡೋಲು?”

“ನಿಮ್ಮ ಕೊಟ್ಟಿಗೇಲಿ ಇರೋದು. ಭವನದ ಬೀರುವಿಗೆ ಅದು ಹಿಡಿಸಲ್ಲ, ಹಾಗಾಗಿ ಯಾವತ್ತೂ ನಿಮ್ಮನೇಲೇ ಇರ್ತದೆ. ಆ ಮನೇಲಿ ಯಾರಿರ್ತಾರೋ ಅವರೇ ಬಾರಿಸೋದು. ನಿಮಗಿಂತ ಮುಂಚೆ ಲೀಫನ್ ಬಾರಿಸ್ತಿದ್ದ, ಅವನಿಗಿಂತ ಮುಂಚೆ ಅವನತ್ತೆ.”

ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ಕೂತಿದ್ದ ಆ ಭಾರೀ ವಸ್ತುವನ್ನು ನಾನು ನೀರಿನ ಹಳೆಯ ತೊಟ್ಟಿ ಎಂದುಕೊಂಡು, ಮೇಲೆ ಬಣ್ಣದ ಡಬ್ಬಗಳನ್ನು ಜೋಡಿಸಿದ್ದೆ. “ನಾನು ಜಗಳ ಆಡಕ್ಕೆ ಬಂದಿದ್ದು” ಎಂದೆ. ತಮ್ಮಷ್ಟೇ ಗಾತ್ರದ ಟ್ಯೂಬಾ ಕಹಳೆಯನ್ನು ತಬ್ಬಿಕೊಂಡು ಕೂತಿದ್ದ ನೇಲ್ಟ್ಯೆ ಅಜ್ಜಿ ಅದರ ಹಿಂದಿನಿಂದ ತಲೆ ಹೊರಹಾಕಿ, “ಒಳ್ಳೇದಾಯ್ತು. ಸಿಟ್ಟಿರೋನಿಗೆ ಡೋಲು ಬೇಗ ಒಲಿಯುತ್ತೆ” ಎಂದರು. ಬೈಯಲು ಹೋದವನು ಎರಡು ಕೋಲು ಹಿಡಿದು ಮನೆಗೆ ಬಂದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಮುಂದಿನ ವಾರದಿಂದ ಮಾರ್ಲೂಸಳೂ ಬಂದು ವಿರಾಮದ ಕಾಫಿ ಸುರಿಯತೊಡಗಿದಳು. ನಾನು ಒಳ್ಳೆಯ ವಾದಕನಲ್ಲ. ಮೆರವಣಿಗೆಯಲ್ಲಿ ನನ್ನ ಏಟಿಗೆ ಹೆಜ್ಜೆ ಹಾಕಿದವರು ಚರಂಡಿಗೆ ಇಳಿದದ್ದುಂಟು. ಆದರೂ ಯಾರೂ ನನ್ನನ್ನು ಬಿಡಿಸಲಿಲ್ಲ. ಯಾಕೆಂದರೆ ಡೋಲು ಮನೆಯದು, ಮನೆ ನನ್ನದು. ಹತ್ತೊಂಬತ್ತು ವರ್ಷ ನಗರದಲ್ಲಿದ್ದೂ ಕೆಳಗಿನ ಮಹಡಿಯವನ ಹೆಸರು ತಿಳಿಯದ ನನಗೆ, ಎರಡೇ ವರ್ಷಕ್ಕೆ ಈ ಊರಿನಲ್ಲಿ ಯಾರ ಮೊಣಕಾಲು ನೋಯುತ್ತದೆ ಎಂಬುದೆಲ್ಲ ತಿಳಿಯಿತು. ನಾನು ಸುಖವಾಗಿದ್ದೆ. ಇದನ್ನು ಒಪ್ಪಿಕೊಳ್ಳಲು ನನಗೇ ನಾಚಿಕೆ.

ಈಗ ತಮ್ಮ ಪ್ರವೇಶ. ಊರಾಚೆಯ ಹೊಸ ಬಡಾವಣೆಗೆ ಮೊದಲು ಎಲ್ಲ ಕಡೆ ಸದ್ದು ಅಳೆಯಬೇಕೆಂದು ಕಳೆದ ತಿಂಗಳು ತಮ್ಮ ಸಿಬ್ಬಂದಿಯೊಬ್ಬರು ಬಂದರು. ಮೂರು ಕಾಲಿನ ಯಂತ್ರವನ್ನು ನಮ್ಮ ಹಿತ್ತಲಲ್ಲಿ ಇಡಬಹುದೇ ಎಂದು ಕೇಳಿದರು. ಅಗತ್ಯವಾಗಿ ಇಡಿ ಎಂದೆ. ಊರೆಲ್ಲ ನೋಡುತ್ತಿರಲು ಅಂಗಳದಲ್ಲಿ ಕುರ್ಚಿ ಹಾಕಿ ಕಾಫಿಯನ್ನೂ ಕೊಟ್ಟೆ. ಅಂದು ಮಂಗಳವಾರ. ಪುರಸಭೆಯವರು ಕೇಳಿಸಿಕೊಳ್ಳುತ್ತಿದ್ದಾರೆ, ಊರಿನ ಮರ್ಯಾದೆಯ ಪ್ರಶ್ನೆ ಎಂದು ನಾನು ಜನ್ಮದಲ್ಲೇ ಬಾರಿಸದಷ್ಟು ಜೋರಾಗಿ ಬಾರಿಸಿದೆ. ಕ್ರೈನ್ ಎರಡು ಸಲ ಕಣ್ಣು ಬಿಟ್ಟು ನೋಡಿದರೂ ನಿಲ್ಲಿಸಲಿಲ್ಲ. ಯಂತ್ರದ ಮುಳ್ಳು ಮಿತಿಯನ್ನು ಎಲ್ಲಿ ದಾಟಿತು ಎಂದು ತಮ್ಮ ವರದಿಯಲ್ಲಿದೆ. ದಾಟಿಸಿದ್ದು ಯಾರು ಎಂದು ಮಾತ್ರ ಇಲ್ಲ. ನಾನು, ಸ್ವಾಮಿ! ಪಕ್ಕದ ಮನೆಯವನ ನೆಮ್ಮದಿ ಕೆಡಿಸಿದ ಅಪರಾಧಿ ನಾನು, ನೆಮ್ಮದಿ ಕೆಟ್ಟ ಬಡಪಾಯಿಯೂ ನಾನು. ಆ ಹೊತ್ತಿಗೆ ನನ್ನ ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಲ್ಲಿ ವಾಸಿಸುವ ಇಬ್ಬರಲ್ಲಿ ಒಬ್ಬ ಡೋಲು ಬಾರಿಸುತ್ತಿದ್ದ, ಇನ್ನೊಬ್ಬಳು ಕಾಫಿ ಸುರಿಯುತ್ತಿದ್ದಳು. ಹಾಗಾದರೆ ತಾವು ಕಾಪಾಡಿದ್ದು ಯಾರ ಕಿವಿ? ಗೋಡೆಗೂ ಕಿವಿಯಿದೆ ಎಂಬ ಮಾತನ್ನು ತಮ್ಮ ಇಲಾಖೆ ಅಕ್ಷರಶಃ ನಂಬಿದೆಯೇ?

ಆದೇಶ ಓದಿದ ಊರು ನಂಬಿದ್ದು ಬೇರೆಯನ್ನೇ. ರಾಟರ್‌ಡ್ಯಾಮಿನವನು ದೂರು ಕೊಟ್ಟ, ಕಾಫಿ ಕೊಟ್ಟು ಅಳೆಸಿದ, ಎರಡು ವರ್ಷ ನಾಟಕವಾಡಿದ ಎಂದು. ಯಾಕೆ ನಂಬಬಾರದು? ಮೊದಲ ದಿನವೇ ಬಾಗಿಲು ಒದ್ದು ಬಂದವನನ್ನು ಇಪ್ಪತ್ತಾರು ಜನ ಕಣ್ಣಾರೆ ಕಂಡಿದ್ದಾರೆ. ಕ್ರೈನ್ ಮರುದಿನ ತಳ್ಳುಗಾಡಿ ತಂದ.

“ಡೋಲು ತಗೊಂಡು ಹೋಗ್ತೀನಿ.”

“ಎಲ್ಲಿಡ್ತೀಯ ಕ್ರೈನ್? ಗೋದಾಮಿನಲ್ಲಿ ಚರ್ಮ ತೇವ ಹಿಡಿಯುತ್ತೆ.”

“ಹಿಡೀಲಿ ಬಿಡಿ. ತಮ್ಮ ನಿದ್ದೆ ಕೆಡಬಾರದಲ್ಲ.”

ಎರಡು ವರ್ಷ ‘ಲೋ ರುಟ್ಗರ್, ತಾಳ ನೋಡ್ಕೊಳೋ’ ಎಂದು ಗದರಿಸಿದವನು ನನಗೆ ಬಹುವಚನ ಹಚ್ಚಿ ‘ತಮ್ಮ ನಿದ್ದೆ’ ಎಂದ. ಗಾಡಿ ಅಂಗಳ ದಾಟುವಾಗ ನನಗೆ ಅಳು ಬಂತು. ಗಂಡಸು, ಐವತ್ತು ದಾಟಿದವನು, ಅಷ್ಟಗಲದ ಖಾಲಿ ಜಾಗ ನೋಡುತ್ತಾ ಕೊಟ್ಟಿಗೆಯಲ್ಲಿ ನಿಂತು ಅತ್ತೆ. ಈಗ ಬೇಕರಿಗೆ ಹೋದರೆ ಮಾತು ನಿಲ್ಲುತ್ತದೆ. ನಾನು ಬ್ರೆಡ್ಡು ತೆಗೆದುಕೊಂಡು ಹೊರಬಂದ ಮೇಲೆ ಶುರುವಾಗುತ್ತದೆ. ಮಂಗಳವಾರ ಸಂಜೆ ನಾನೂ ಮಾರ್ಲೂಸಳೂ ಎದುರುಬದುರು ಕೂತು ಸಾರು ಕುಡಿಯುತ್ತೇವೆ, ಸಾರು ಕುಣಿಯುವುದಿಲ್ಲ. “ಇದೇ ತಾನೆ ನಾವು ಬೇಕು ಬೇಕು ಅಂತಿದ್ದದ್ದು?” ಎಂದಳು ಅವಳು ಮೊನ್ನೆ. ನಾವು ಕೊಂಡ ಮೌನ ಕೊನೆಗೂ ನಮ್ಮ ಕೈ ಸೇರಿದೆ.

ತಡೆಯಲಾರದೆ ನೇಲ್ಟ್ಯೆ ಅಜ್ಜಿಯ ಬಾಗಿಲು ತಟ್ಟಿದೆ. ಅವರು ಅರ್ಧ ಮಾತ್ರ ತೆರೆದರು.

“ಅಜ್ಜಿ, ನಾನು ದೂರು ಕೊಟ್ಟಿಲ್ಲ.”

“ನೀನು ಹಾಗಂತೀಯ. ಬಾಗಿಲ ಮೇಲಿರೋ ಮೊಹರು ಬೇರೆ ಹೇಳುತ್ತೆ.”

“ಮೊಹರು ಬಿಡಿ, ನನ್ನನ್ನ ನಂಬಿ.”

“ನಿನ್ನ ನಂಬಿ ಎಷ್ಟು ಸಲ ತಾಳ ತಪ್ಪಿದ್ದೀನಿ ಗೊತ್ತಾ?” ಎಂದರು. ನಾನು ನಕ್ಕೆ. ಅವರು ನಗಲಿಲ್ಲ. “ಆ ಬ್ಯಾಂಡು ಇಲ್ದೆ ನಾನು ಸಂಜೆ ಹೊತ್ತು ಏನು ಮಾಡ್ಲಪ್ಪಾ? ದೂರು ಕೊಟ್ಟೋನು ನೀನಲ್ಲ ಅಂದ್ರೆ ನನ್ನ ಬಾಗಿಲಲ್ಲಿ ಪಿಸುಗುಟ್ಟಬೇಡ. ಊರಿಗೆ ಕೇಳೋ ಹಾಗೆ ಹೇಳು” ಎಂದು ಬಾಗಿಲು ಮುಚ್ಚಿದರು.

ಅದಕ್ಕೇ ಈ ಪತ್ರ. ಚರ್ಚಿನಲ್ಲಿ ಡೋಲಿಗೆ ಪ್ರವೇಶವಿಲ್ಲ, ಗೋದಾಮುಗಳಲ್ಲಿ ಈರುಳ್ಳಿ ತುಂಬಿದೆ. ಭವನ ತೆರೆಯದಿದ್ದರೆ ಬ್ಯಾಂಡು ಮುಚ್ಚುತ್ತದೆ. ಆದ್ದರಿಂದ ಗೋಡೆಗೆ ಹೊಂದಿಕೊಂಡ ಮನೆಯ ನಿವಾಸಿಯಾಗಿ, ನನ್ನ ಜೀವಮಾನದ ಮೊಟ್ಟಮೊದಲ ದೂರನ್ನು ಈ ಮೂಲಕ ಸಲ್ಲಿಸುತ್ತಿದ್ದೇನೆ: ನನ್ನ ಮನೆಯಲ್ಲಿ ಸಹಿಸಲಾರದಷ್ಟು ನಿಶ್ಶಬ್ದವಿದೆ. ಕೊಡದ ದೂರಿಗೇ ಇಷ್ಟು ಚುರುಕಾಗಿ ಕ್ರಮ ಕೈಗೊಂಡ ತಾವು ಕೊಟ್ಟ ದೂರನ್ನು ಕಡೆಗಣಿಸಲಾರಿರಿ. ಆದೇಶವನ್ನು ರದ್ದು ಮಾಡಿ, ಆ ನಿವಾಸಿ ಯಾರ ಮೇಲೂ ಎಂದೂ ದೂರು ಕೊಟ್ಟವನಲ್ಲ ಎಂದು ಅದೇ ಬಾಗಿಲಿಗೆ, ಅದೇ ಮೊಹರಿನೊಂದಿಗೆ ಅಂಟಿಸಿ. ನಂಬಿಕೆಯಿಲ್ಲದಿದ್ದರೆ ಬರುವ ಮಂಗಳವಾರ ಸಂಜೆ ಯಂತ್ರದೊಂದಿಗೆ ಖುದ್ದಾಗಿ ದಯಮಾಡಿಸಿ, ನಮ್ಮ ಊಟದ ಮನೆಯಲ್ಲೇ ಇಟ್ಟು ಅಳೆಯಿರಿ. ಕಾಫಿ ನಮ್ಮದು. ಬರುವಾಗ ಎದುರುಮನೆಯ ನೇಲ್ಟ್ಯೆ ಅಜ್ಜಿಯನ್ನೂ ಕರೆದುಕೊಂಡು ಬನ್ನಿ. ನಾನು ಕರೆದರೆ ಅವರು ಬರುವುದಿಲ್ಲ.

ಇಂತಿ,
ತಮ್ಮ ಕೃಪೆಯಿಂದ ಕೊನೆಗೂ ನೆಮ್ಮದಿಯಾಗಿರುವ
ರುಟ್ಗರ್ ವಿಸ್ಮಾನ್,
ಡೋಲಿಲ್ಲದ ಮನೆಯಿಂದ