ರೈಫಲ್ಲಿನ ಒದೆತ

೧೮ ಜನವರಿ ೨೦೨೬, ಭಾನುವಾರ

ಬಲಭುಜ ನೀಲಿಗಟ್ಟಿದೆ, ಪೆನ್ನು ಹಿಡಿಯುವುದೂ ಕಷ್ಟ. ಬೆಳೆ ಕಾಯುವ ಕೋವಿಯ ಲೈಸೆನ್ಸಿಗೆ, ಹಳೆಯದರ ನವೀಕರಣಕ್ಕೂ, ಈಗ ಶಿರಸಿಗೆ ಬಂದು ಪೊಲೀಸರ ರೈಫಲ್ ಹೊಡೆದು ತೋರಿಸಬೇಕಂತೆ. ಮೊದಲ ಗುಂಡಿಗೇ ನಾನು ಎರಡು ಹೆಜ್ಜೆ ಹಿಂದೆ ಹೋದೆ.

ನನ್ನ ನಂತರ ಕಾನಸೂರಿನ ದುರ್ಗಿ. ನನ್ನದೇ ವಯಸ್ಸು, ನಲವತ್ತು ಕಿಲೋ ತೂಗಿದರೆ ಹೆಚ್ಚು. ಇದರಲ್ಲಿ ಪಾಸಾಗದಿದ್ದರೆ ಸತ್ತ ಗಂಡನ ಕೋವಿ ಠಾಣೆಯಲ್ಲೇ ಉಳಿಯುತ್ತದೆ, ಗದ್ದೆ ಹಂದಿಗಳ ಪಾಲಾಗುತ್ತದೆ.

"ಏ, ಯಾರರ ಹಿಂದ ನಿಂದರ್ರೀ, ಅಜ್ಜಿ ಹಾರಿ ಬೀಳ್ತಾಳ!" ಎಂದ ತರಬೇತಿ ಕೊಡುವ ಪೊಲೀಸ. ಎಲ್ಲರೂ ನಕ್ಕರು.

ಅವಳು ರೈಫಲ್ಲಿನ ಬುಡವನ್ನು ಭುಜದ ಕುಳಿಗೆ ಬಿಗಿಯಾಗಿ ಒತ್ತಿ, ಕೆನ್ನೆ ಆನಿಸಿ, ಮುಂದಕ್ಕೆ ಬಾಗಿದಳು. ಐದು ಗುಂಡು. ಪ್ರತಿ ಸಲವೂ ಇಡೀ ಮೈ ಒಮ್ಮೆ ತೂಗಿ ಮತ್ತೆ ಅಲ್ಲೇ ಬಂದು ನಿಂತಿತು. ನಾಲ್ಕು ಗುಂಡು ಗುರಿಹಲಗೆಗೆ ತಾಗಿದವು. ಪೊಲೀಸ ಪಾಸ್ ಎಂದು ಬರೆದ.

"ಅದೆಂತಾ ಮಾಡ್ದೆ ದುರ್ಗಿ?" ಎಂದು ಕೇಳಿದೆ.

"ಒದಿಯೂ ಎಮ್ಮೆ ಹಾಲು ಕರಿಯೂದಿಲ್ವಾ ಹೆಗಡೇರೇ? ಹೆದ್ರಿ ದೂರ ಕೂತ್ರೆ ಪೆಟ್ಟು ಬೀಳ್ತದೆ. ಅದ್ರ ಹೊಟ್ಟೆಗೆ ಹಣೆ ಆನ್ಸಿ, ಒತ್ತಿ ಕೂತ್ರೆ ಒದೂಕೆ ಅದಕ್ಕೆ ಜಾಗ ಎಲ್ಲದೆ?"

೧೯೮೪ರಲ್ಲಿ ಅಪ್ಪಯ್ಯ ತೀರಿಕೊಂಡ ಮೇಲೆ ಅವನ ಕೋವಿಗೆ ನನ್ನ ಹೆತ್ತ ಆಯಿ ಅರ್ಜಿ ಕೊಟ್ಟಾಗ, ಹೆಂಗಸಿನ ಭುಜ ತಡೆಯುವುದಿಲ್ಲವೆಂದು ಕಚೇರಿಯವರು ಹಿಂದಕ್ಕೆ ಕಳಿಸಿದ್ದರು. ಕಚೇರಿಯವರ ಮೇಲಿನ ಆ ಸಿಟ್ಟನ್ನು ನಲವತ್ತು ವರ್ಷ ಇಟ್ಟುಕೊಂಡಿದ್ದೇನೆ. ಆದರೆ ಅಂದು ಪಕ್ಕದಲ್ಲೇ ನಿಂತು ಹೌದೆಂದು ತಲೆಯಾಡಿಸಿ, ಕೋವಿಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡವನು ನಾನೇ.

ಆಯಿ ಎರಡು ಹೊತ್ತೂ ಮೂರು ಎಮ್ಮೆ ಕರೆಯುತ್ತಿದ್ದಳು. ಹಣೆ ಆನಿಸಿಕೊಂಡೇ...