ಹದಿನೇಳನೇ ಪೇದೆಯ ಮನವಿ

ಆಟದೂರಿನ ಪೊಲೀಸ್ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿನ್ನೆ ಸಂಜೆ ನಮ್ಮ ಆನ್‌ಲೈನ್ ಆಟದಲ್ಲಿ ಕಳ್ಳರ ಕಾರನ್ನು ಬೆನ್ನಟ್ಟುತ್ತಿದ್ದಾಗ ನಾನು ಪೊಲೀಸ್ ರೇಡಿಯೋದಲ್ಲಿ, "ಪುಟ್ಟೀ, ಊಟ ಆರಿಹೋಗ್ತಿದೆ, ಬಾರೇ" ಎಂದದ್ದು ನಿಜ. ಕರ್ತವ್ಯದಲ್ಲಿ ಯಾರನ್ನೂ ಸಂಬಂಧ ಹಿಡಿದು ಕರೆಯಬಾರದೆಂದು ನೀವೇ ಬರೆದ ನಿಯಮ ನನಗೆ ಗೊತ್ತಿತ್ತು; ನನ್ನ ನಾಲಿಗೆಗೆ ಗೊತ್ತಿರಲಿಲ್ಲ. ನಲವತ್ತು ಪೇದೆಗಳೂ ನಕ್ಕರು.

"ಹದಿನೇಳು, ರೇಡಿಯೋದಲ್ಲಿ ಮನೆ ಮಾತು ಬೇಡ. ಮೂರು ದಿನ ಅಮಾನತು. ಉಳಿದವರು ಸೇತುವೆ ಕಡೆ ನಡೀರಿ" ಎಂದಿರಿ.

ಒಂದಕ್ಷರವೂ ತೊದಲಲಿಲ್ಲ. ಫೋನ್ ಬಂದರೆ ನನ್ನ ಕೈಗೆ ತುರುಕಿ ಓಡುವ, ಅಂಗಡಿಯಲ್ಲಿ ಚೀಟಿ ಬರೆದು ತೋರಿಸುವ ನನ್ನ ಮಗಳು ಇವಳೇನಾ ಎಂದು, ಪಕ್ಕದ ಕೋಣೆಯಲ್ಲಿದ್ದ ನಾನು ಹೆಡ್‌ಫೋನ್ ಸಮೇತ ಎದ್ದು ನಿಂತುಬಿಟ್ಟೆ. ಸೆಲ್ಯೂಟ್ ಕೂಡ ಹೊಡೆದೆನೋ ಏನೋ. ತಮ್ಮ ತಾಯಿಯವರು ಬಾಗಿಲಲ್ಲಿ ನಿಂತು, "ಏನ್ರೀ, ಇರುವೆ ಕಚ್ತಾ?" ಎಂದರು.

ಸಿಕ್ಕಿದ್ದು ತಕ್ಕ ಶಿಕ್ಷೆ, ತಕರಾರಿಲ್ಲ. ಆದರೆ ಇದು ನನ್ನ ಎರಡನೇ ತಪ್ಪು, ಮೂರನೆಯದಕ್ಕೆ ವಜಾ ಎಂದಿದೆ. ನನ್ನ ನಾಲಿಗೆಯನ್ನು ನಾನೇ ನಂಬುವುದಿಲ್ಲ. ಆದ್ದರಿಂದ ಮಾತಾಡುವ ಕೆಲಸ ಬೇಡ, ಠಾಣೆಯ ಗೇಟು ಕಾಯಲು ಹಾಕಿ. ಅಲ್ಲಿಗೂ ನಿಮ್ಮ ರೇಡಿಯೋ ಕೇಳಿಸುತ್ತದಂತೆ, ವಿಚಾರಿಸಿಕೊಂಡಿದ್ದೇನೆ.

ಅಪ್ಪಣೆಗೆ ಕಾದಿರುವ,
ಹದಿನೇಳು